ಗಡಿಯ ಭಯದಿಂದ ಮನೆಯ ಭಯಕ್ಕೆ: ಹತ್ತೊಂಬತ್ತನೆಯ ಶತಮಾನದ ಮಲಪ್ರಭಾ ಸೀಮೆ ಮತ್ತು ಅದರ ಲಾವಣಿಗಳು

1

ಒಂದು ನಾಡಿನ ಒಳಗಿನ ಬಾಳ್ವೆಯನ್ನು ಅದರ ಗಡಿಯಾಚೆಯ ಒತ್ತಡಗಳು ರೂಪಿಸುತ್ತವೆ ಎಂಬ ವಿಚಾರ ಚರಿತ್ರೆಯ ಬರವಣಿಗೆಯಲ್ಲಿ ಹಳೆಯದು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯನ್ನು ಕುರಿತ ಚರ್ಚೆಯಲ್ಲಿ ಈ ವಿಚಾರ ಒಂದು ಸಿದ್ಧಾಂತದ ಸ್ಥಾನವನ್ನೇ ಪಡೆಯಿತು. ರಾಂಕೆಯು ರಾಜ್ಯಗಳ ಪರಸ್ಪರ ಪೈಪೋಟಿಯನ್ನು ಚರಿತ್ರೆಯ ಮುಖ್ಯ ಚಾಲಕಶಕ್ತಿಯೆಂದು ಭಾವಿಸಿದನು. ಇಂಗ್ಲೆಂಡಿನ ಜಾನ್ ಸೀಲಿಯು ಗಡಿಯ ಮೇಲಿನ ಒತ್ತಡ ಹೆಚ್ಚಿದಷ್ಟೂ ಒಳಗಿನ ಸ್ವಾತಂತ್ರ್ಯ ಕುಗ್ಗುತ್ತದೆ ಎಂಬ ಸೂತ್ರವನ್ನು ಮುಂದಿಟ್ಟನು. ಪ್ರಶ್ಯದ ಚರಿತ್ರಕಾರ ಓಟ್ಟೊ ಹಿಂಟ್ಜೆ 1906ರಲ್ಲಿ, ಸೈನ್ಯವನ್ನು ಕಟ್ಟುವ ಬಗೆಯೇ ರಾಜ್ಯವನ್ನು ಕಟ್ಟುವ ಬಗೆಯನ್ನು ನಿರ್ಧರಿಸುತ್ತದೆ ಎಂದು ವಾದಿಸಿದನು.

ಈ ಸಿದ್ಧಾಂತವು ದೊಡ್ಡ ರಾಜ್ಯಗಳನ್ನು ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿದುದು. ಭಯವನ್ನು ಎದುರಿಸಿ, ಅದರ ಬಲದಿಂದಲೇ ಬೆಳೆದ ರಾಜ್ಯಗಳ ಕಥೆ ಅದು. ಆದರೆ ಚರಿತ್ರೆಯಲ್ಲಿ ಅಂಥ ರಾಜ್ಯಗಳಿಗಿಂತ, ಎರಡು ಮೂರು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿ, ಎಲ್ಲರಿಗೂ ಕಪ್ಪ ಕೊಟ್ಟು, ಕೊನೆಗೆ ಯಾರೋ ಒಬ್ಬರ ಕೈಸೇರಿದ ಸೀಮೆಗಳೇ ಹೆಚ್ಚು. ಮಲಪ್ರಭೆಯ ಆಚೀಚೆಗೆ ಹಬ್ಬಿಕೊಂಡಿರುವ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆ ಅಂಥದು. ಈಚೆಗೆ ಸ್ವತಂತ್ರ ತಾಲೂಕಾಗಿರುವ ಯರಗಟ್ಟಿಯು ಈ ಸೀಮೆಗಳನ್ನು ಕೂಡಿಸುವ ದಾರಿಗಳ ಮೇಲಿರುವ ಊರು. ಒಂದು ಕಡೆಗೆ ಮುನವಳ್ಳಿ ಮತ್ತು ಸವದತ್ತಿಯ ಕೋಟೆಗಳು, ಇನ್ನೊಂದು ಕಡೆಗೆ ಶಿರಸಂಗಿಯ ದೇಸಗತಿ, ಪಶ್ಚಿಮಕ್ಕೆ ಕಿತ್ತೂರು ಸಂಸ್ಥಾನ, ಪೂರ್ವಕ್ಕೆ ರಾಮದುರ್ಗ ಮತ್ತು ನರಗುಂದದ ಭಾವೆ ಮನೆತನಗಳು. ಇಂಥ ನಡುಸೀಮೆಯ ಸಮಾಜವನ್ನು ಭಯವು ಹೇಗೆ ರೂಪಿಸಿತು, ಆ ಸಮಾಜ ತನ್ನ ಭಯವನ್ನು ತನ್ನ ಹಾಡುಗಳಲ್ಲಿ ಹೇಗೆ ಇರಿಸಿಕೊಂಡಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪರಿಶೀಲನೆಗೆ ಲಾವಣಿಗಳು ಮುಖ್ಯ ಆಕರ. ಲಾವಣಿಗಳನ್ನು ಕೇವಲ ದೇಶಭಕ್ತಿಯ ಗೀತೆಗಳೆಂದು ಓದುವ ರೂಢಿಯನ್ನು ಪ್ರಶ್ನಿಸುವುದು ಇದರ ಇನ್ನೊಂದು ಉದ್ದೇಶ.

2

ಮೊದಲು ಜರ್ಮನಿಯ ನಿದರ್ಶನವನ್ನು ಸಂಕ್ಷೇಪವಾಗಿ ನೋಡಬಹುದು. 1806ರ ಅಕ್ಟೋಬರದಲ್ಲಿ ಯೇನಾ ಕಾಳಗದಲ್ಲಿ ಪ್ರಶ್ಯದ ಸೈನ್ಯ ನೆಪೋಲಿಯನ್ನನಿಗೆ ಸೋತಿತು. ಒಂದೇ ವರ್ಷದಲ್ಲಿ, 1807ರ ಅಕ್ಟೋಬರದಲ್ಲಿ, ರೈತರ ಜೀತವನ್ನು ರದ್ದುಪಡಿಸುವ ಶಾಸನ ಹೊರಟಿತು. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಆರಂಭವಾಯಿತು. 1814ರಲ್ಲಿ ಸಾರ್ವತ್ರಿಕ ಸೈನ್ಯಸೇವೆಯ ಕಾನೂನು ಬಂದಿತು. ಜೀತಗಾರನಾದ ರೈತ ತನ್ನದಲ್ಲದ ನಾಡಿಗಾಗಿ ಕಾದಾಡಲಾರ ಎಂಬ ಅರಿವೇ ಈ ಸುಧಾರಣೆಗಳ ಹಿಂದಿನ ಪ್ರೇರಣೆ. 1834ರ ಸುಂಕದ ಒಕ್ಕೂಟ, 1840ರಲ್ಲಿ ರೈನ್ ನದಿಯ ದಂಡೆಯ ಬಗ್ಗೆ ಫ್ರಾನ್ಸಿನೊಡನೆ ಎದ್ದ ಬಿಕ್ಕಟ್ಟು, ಆ ಸಂದರ್ಭದಲ್ಲಿ ಹುಟ್ಟಿದ ದೇಶಗೀತೆಗಳು ಇವೆಲ್ಲ ಹಂಚಿಹೋಗಿದ್ದ ಸೀಮೆಗಳನ್ನು ಒಂದೆಡೆಗೆ ಸೆಳೆದವು. 1862ರಲ್ಲಿ ಸೈನ್ಯದ ವೆಚ್ಚದ ಪ್ರಶ್ನೆಯ ಮೇಲೆ ಪ್ರಶ್ಯದ ಶಾಸನಸಭೆ ದೊರೆಯನ್ನು ಎದುರಿಸಿತು. ಬಿಸ್ಮಾರ್ಕ್ ಸಭೆಯ ಒಪ್ಪಿಗೆಯಿಲ್ಲದೆ ವೆಚ್ಚ ಮಾಡಿದನು. 1866ರಲ್ಲಿ ಆಸ್ಟ್ರಿಯದ ಮೇಲೆ ಜಯ ದೊರೆತ ಮೇಲೆ, ಅದೇ ಸಭೆ ಹಿಂದಿನ ಆ ವೆಚ್ಚಕ್ಕೆ ಸಮ್ಮತಿ ನೀಡಿತು. ಭದ್ರತೆಗಾಗಿ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟ ಈ ಘಟನೆಯಲ್ಲಿ ಸೀಲಿಯ ಸೂತ್ರ ನಿಜವಾದಂತೆ ತೋರುತ್ತದೆ.

ಆದರೆ ಈ ವಾದಕ್ಕೆ ಪ್ರತಿವಾದವೂ ಇದೆ. ಹನ್ಸ್-ಉಲ್ರಿಚ್ ವೇಲರ್ 1973ರಲ್ಲಿ ಪ್ರಕಟಿಸಿದ ಜರ್ಮನ್ ಸಾಮ್ರಾಜ್ಯದ ಚರಿತ್ರೆಯಲ್ಲಿ ಪ್ರಶ್ನೆಯನ್ನು ತಲೆಕೆಳಗು ಮಾಡಿದನು. ಹೊರಗಿನ ಭಯವು ಒಳಗಿನ ವ್ಯವಸ್ಥೆಯನ್ನು ರೂಪಿಸಿತು ಎನ್ನುವುದಕ್ಕಿಂತ, ಒಳಗಿನ ಭೂಮಾಲಿಕ ಮತ್ತು ಉದ್ಯಮಪತಿ ವರ್ಗಗಳು ತಮ್ಮ ಹಿತವನ್ನು ಕಾಯ್ದುಕೊಳ್ಳಲು ಹೊರಗಿನ ಭಯವನ್ನು ಬಳಸಿಕೊಂಡವು ಎಂಬುದು ಅವನ ನಿಲುವು. ಎರಡೂ ವಾದಗಳಲ್ಲಿ ಸತ್ಯಾಂಶವಿದೆ. ಭಯ ನಿಜವಾದುದಾಗಿರಬಹುದು, ಅದರ ಬೆಲೆಯನ್ನು ಯಾರು ತೆರುತ್ತಾರೆ, ಅದರಿಂದ ಯಾರಿಗೆ ಲಾಭ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಮಲಪ್ರಭಾ ಸೀಮೆಯನ್ನು ನೋಡುವಾಗ ಈ ಎರಡೂ ಪ್ರಶ್ನೆಗಳನ್ನು ಜೊತೆಯಾಗಿ ಕೇಳಬೇಕಾಗುತ್ತದೆ.

ಈ ಹೋಲಿಕೆ ದೂರದ್ದೆಂದು ಕೆಲವರಿಗೆ ತೋರಬಹುದು. ಆದರೆ ಆ ಕಾಲದ ಲೋಕ ನಾವು ತಿಳಿದುದಕ್ಕಿಂತ ಹೆಚ್ಚು ಹೆಣೆದುಕೊಂಡಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘನು ಉತ್ತರಕ್ಕೆ ಬಂದು ಈ ಸೀಮೆಯಲ್ಲಿ ದಂಡು ಕಟ್ಟಿದನು. 1800ರಲ್ಲಿ ಕಿತ್ತೂರಿನ ಸಮೀಪದಲ್ಲಿ ಮರಾಠರ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದನು. ಅವನ ಬೆನ್ನು ಹತ್ತಿದ ಆರ್ಥರ್ ವೆಲ್ಲೆಸ್ಲಿಯು ಅದೇ ವರ್ಷದ ಜುಲೈ 30ರಂದು ಮುನವಳ್ಳಿಯ ಬಳಿ, ಮಲಪ್ರಭೆಯ ದಂಡೆಯಲ್ಲಿ, ಅವನ ಪಾಳೆಯದ ಮೇಲೆ ಬಿದ್ದನು. ಇದೇ ವೆಲ್ಲೆಸ್ಲಿ ಹದಿನೈದು ವರ್ಷಗಳ ನಂತರ ವಾಟರ್ಲೂ ರಣರಂಗದಲ್ಲಿ ಪ್ರಶ್ಯದ ಸೈನ್ಯದ ಜೊತೆಗೂಡಿ ನೆಪೋಲಿಯನ್ನನನ್ನು ಸೋಲಿಸಿದನು. ಪ್ರಶ್ಯದ ರೈತನ ಹೊಲವನ್ನು ತುಳಿದ ಯುದ್ಧವೂ ಮುನವಳ್ಳಿಯ ರೈತನ ಹೊಲವನ್ನು ತುಳಿದ ಯುದ್ಧವೂ ಒಂದೇ ಕಾಲದ ಜಾಗತಿಕ ಪೈಪೋಟಿಯ ಎರಡು ಕವಲುಗಳು. ಆದ್ದರಿಂದ ಎರಡೂ ಕಡೆಗಳ ಫಲಿತವನ್ನು ಹೋಲಿಸಿ ನೋಡುವುದು ಅಸಂಗತವಲ್ಲ.

3

1756ರಲ್ಲಿ ಸವಣೂರಿನ ನವಾಬನು ಸೋತು ಈ ಸೀಮೆಯ ಬಹುಭಾಗವನ್ನು ಪೇಶ್ವೆಗೆ ಬಿಟ್ಟುಕೊಟ್ಟನು. 1776ರಿಂದ 1778ರ ನಡುವೆ ಹೈದರಾಲಿಯು ಕೃಷ್ಣೆಯವರೆಗೆ ತನ್ನ ಅಧಿಕಾರವನ್ನು ಚಾಚಿದನು. 1785ರಲ್ಲಿ ಹೆಚ್ಚಿನ ಕಪ್ಪಕ್ಕಾಗಿ ಟಿಪ್ಪುವಿನ ಸೈನ್ಯ ನರಗುಂದವನ್ನು ಮುತ್ತಿ ವಶಪಡಿಸಿಕೊಂಡಿತು. ಕಿತ್ತೂರೂ ಅವನ ಕೈಸೇರಿತು. ದೇಸಾಯಿ ಮಲ್ಲಸರ್ಜ ಸೆರೆಯಾಳಾದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸೀಮೆ ಮತ್ತೆ ಮರಾಠರಿಗೆ ಸೇರಿತು. 1809ರಲ್ಲಿ ಮಲ್ಲಸರ್ಜನು ಪೇಶ್ವೆಗೆ ವರ್ಷಕ್ಕೆ 1,75,000 ರೂಪಾಯಿ ಕೊಡಲು ಒಪ್ಪಬೇಕಾಯಿತು. ಆದರೂ ಎರಡನೆಯ ಬಾಜೀರಾಯನು ಅವನನ್ನು ಪುಣೆಯಲ್ಲಿ ಹಿಡಿದಿರಿಸಿಕೊಂಡನು. 1816ರಲ್ಲಿ ಮಲ್ಲಸರ್ಜ ತೀರಿಕೊಂಡನು. 1818ರಲ್ಲಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನ ಶಿವಲಿಂಗರುದ್ರಸರ್ಜನು ಇಂಗ್ಲಿಷರಿಗೆ ನೆರವಾದನು. ಅರವತ್ತೆರಡು ವರ್ಷಗಳ ಅವಧಿಯಲ್ಲಿ ಒಂದೇ ಹೊಲದ ಮೇಲೆ ಸವಣೂರು, ಪುಣೆ, ಶ್ರೀರಂಗಪಟ್ಟಣ, ಮತ್ತೆ ಪುಣೆ, ಕೊನೆಗೆ ಕಂಪನಿ ಹೀಗೆ ಅಧಿಕಾರ ಹೊರಳುತ್ತ ಬಂದಿತು.

ಈ ಅಭದ್ರತೆ ಪ್ರಶ್ಯದಲ್ಲಿ ಆದಂತೆ ಇಲ್ಲಿ ಒಂದು ಕೇಂದ್ರೀಕೃತ ರಾಜ್ಯವನ್ನು ಕಟ್ಟಲಿಲ್ಲ. ಅದು ಆಯುಧವನ್ನೂ ಅಧಿಕಾರವನ್ನೂ ಹಳ್ಳಿಗಳವರೆಗೆ ಹಂಚಿಬಿಟ್ಟಿತು. ಈ ಸೀಮೆಯ ಹಳ್ಳಿಗಳ ರಚನೆಯಲ್ಲಿಯೇ ಇದರ ಗುರುತುಗಳಿವೆ. ಊರ ಅಗಸಿ, ಊರ ನಡುವಿನ ಹುಡೇವು, ದೇಸಾಯಿಯ ಎತ್ತರದ ವಾಡೆ, ಓಣಿಗೊಂದು ಗರಡಿಮನೆ ಇವು ಕಾವಲಿನ ಸಮಾಜದ ಅವಶೇಷಗಳು. ಎರೆಹೊಲದ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಳಿಸುವ ಪದ್ಧತಿ ಹುಳುವಿನಿಂದ ಕಾಳನ್ನು ಕಾದಂತೆ ದಂಡಿನ ಕಣ್ಣಿನಿಂದಲೂ ಕಾದಿತು. ತಳವಾರ, ವಾಲೀಕಾರ, ಹುಡೇದ, ಹವಾಲ್ದಾರ, ಕಿಲ್ಲೇದಾರ, ನಾಡಗೌಡ ಮೊದಲಾದ ಮನೆತನದ ಹೆಸರುಗಳು ಇಂದಿಗೂ ಆ ಕಾಲದ ಸೇವಾವ್ಯವಸ್ಥೆಯನ್ನು ಹೇಳುತ್ತವೆ.

ಈ ವ್ಯವಸ್ಥೆಯ ಅತ್ಯಂತ ಮುಖ್ಯವಾದ ಕೊಂಡಿ ಶೇತಸನದಿ. ಶೇತವೆಂದರೆ ಹೊಲ, ಸನದು ಎಂದರೆ ಅಧಿಕಾರಪತ್ರ. ಊರಿನ ಕಾವಲಿಗಾಗಿ, ಕರೆ ಬಂದಾಗ ದೇಸಾಯಿಯ ದಂಡಿಗಾಗಿ ಆಯುಧ ಹಿಡಿದು ಬರುವವನಿಗೆ ಸಂಬಳದ ಬದಲು ಹೊಲವನ್ನು ಕೊಡುವ ಪದ್ಧತಿ ಇದು. ಇಲ್ಲಿ ಹೊಲ, ಕತ್ತಿ, ಮಾನ ಮೂರೂ ಒಂದೇ ಕಾಗದದಲ್ಲಿ ಕೂಡಿದ್ದವು. ಪ್ರಶ್ಯದ ಸಿಪಾಯಿಗೆ ರಾಜ್ಯವು ಬಂದೂಕನ್ನು ಕೊಟ್ಟು, ಸೇವೆ ಮುಗಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುತ್ತಿತ್ತು. ಇಲ್ಲಿನ ಶೇತಸನದಿಯ ಆಯುಧ ಅವನ ಮನೆಯಲ್ಲಿಯೇ ತೂಗುತ್ತಿತ್ತು. ಪ್ರಶ್ಯದಲ್ಲಿ ಭಯವು ಆಯುಧವನ್ನು ರಾಜ್ಯದ ಕೈಯಲ್ಲಿ ಕೂಡಿಸಿತು. ಮಲಪ್ರಭಾ ಸೀಮೆಯಲ್ಲಿ ಅದೇ ಭಯ ಆಯುಧವನ್ನು ಮನೆಮನೆಗೆ ಹಂಚಿತು. ಹಿಂಟ್ಜೆಯ ಸೂತ್ರಕ್ಕೆ ಇದು ಮುಖ್ಯವಾದ ತಿದ್ದುಪಡಿ.

ಇಷ್ಟು ಹೇಳಿ ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಸರಿಯಲ್ಲ. ವೇಲರನ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು. ಪುಣೆಗೆ ಹೋದ 1,75,000 ರೂಪಾಯಿ ದೇಸಾಯಿಯ ಹೊಲದಲ್ಲಿ ಬೆಳೆದುದಲ್ಲ. ಅದು ರೈತನ ರಾಶಿಯಿಂದ ಎತ್ತಿದ ಹಣ. ಕಾವಲಿನ ಹೆಸರಿನಲ್ಲಿ ದೇಸಗತಿಗಳು ಬೆಳೆದವು. ಮನೆತನದ ಹಿರಿಮೆಗಳು ಗಟ್ಟಿಯಾದವು. ಲಾವಣಿಕಾರರು ಕಂಪನಿಯ ತೆರಿಗೆಯನ್ನು ಕುರಿತು ಹಾಡಿದಷ್ಟು ದೇಸಗತಿಯ ಖಂಡಣಿಯನ್ನು ಕುರಿತು ಹಾಡಲಿಲ್ಲ. ಈ ಮೌನವನ್ನೂ ವಿಮರ್ಶಕರು ಗಮನಿಸಬೇಕು.

4

1818ರಿಂದ ಗಡಿಯ ಯುದ್ಧಗಳು ನಿಂತವು. ಸಾಮಾನ್ಯವಾಗಿ ಇದನ್ನು ಶಾಂತಿಯ ಆರಂಭವೆಂದು ಆಂಗ್ಲ ಅಧಿಕಾರಿಗಳು ಬರೆದರು. ಆದರೆ ಈ ಸೀಮೆಯ ಜನರ ಅನುಭವ ಬೇರೆಯಾಗಿದ್ದಿತು. ಭಯ ಮಾಯವಾಗಲಿಲ್ಲ, ಅದು ತನ್ನ ನೆಲೆಯನ್ನು ಬದಲಾಯಿಸಿತು. ಮೊದಲು ಭಯವಿದ್ದುದು ಹೊಳೆ ದಾಟಿ ಬರುವ ದಂಡಿನಲ್ಲಿ. ಈಗ ಅದು ಕಚೇರಿಯ ಕಾಗದದಲ್ಲಿ ಬಂದು ನೆಲಸಿತು.

1824ರ ಸೆಪ್ಟೆಂಬರದಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ಮಾಸ್ತಮರಡಿ ಗೌಡರ ಮನೆಯ ಹುಡುಗನನ್ನು ದತ್ತಕ ಪಡೆದುದನ್ನು ಧಾರವಾಡದ ಕಲೆಕ್ಟರ್ ಹಾಗೂ ರಾಜಕೀಯ ಏಜೆಂಟ್ ಆಗಿದ್ದ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮೊಹರು ಬಿದ್ದಿತು. ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತನು. ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. ಡಿಸೆಂಬರದ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಇಲ್ಲಿ ಗಮನಿಸಬೇಕಾದುದು ಯುದ್ಧದ ಕಾರಣ. ಆರು ವರ್ಷಗಳ ಹಿಂದೆ ಇಂಗ್ಲಿಷರ ಪಕ್ಷ ಹಿಡಿದಿದ್ದ ಮನೆತನ ಅವರ ಮೇಲೆ ಕತ್ತಿ ಎತ್ತಿದುದು ದತ್ತಕದ ಪ್ರಶ್ನೆಗಾಗಿ. ರಾಜ್ಯದ ಉಳಿವು ಈಗ ಗಡಿಯ ಕೋಟೆಯನ್ನಲ್ಲ, ತೊಟ್ಟಿಲನ್ನು ಅವಲಂಬಿಸಿದ್ದಿತು.

ಸಂಗೊಳ್ಳಿ ರಾಯಣ್ಣನ ಬಂಡಾಯವನ್ನೂ ಇದೇ ಬೆಳಕಿನಲ್ಲಿ ಓದಬೇಕು. ರಾಯಣ್ಣ ಶೇತಸನದಿ. ದೇಸಗತಿ ಅಳಿದ ಮೇಲೆ ಶೇತಸನದಿಯ ಕತ್ತಿಗೆ ಕೆಲಸವಿಲ್ಲ. ಕತ್ತಿಗೆ ಕೆಲಸವಿಲ್ಲವೆಂದರೆ ಹೊಲಕ್ಕೆ ಆಧಾರವಿಲ್ಲ. ಇಂಥ ಹೊಲಗಳನ್ನು ಹಿಂದೆಗೆದುಕೊಳ್ಳುವ, ಇಲ್ಲವೆ ಅವುಗಳ ಮೇಲೆ ಕಂದಾಯ ಏರಿಸುವ ಕ್ರಮಗಳು ಆರಂಭವಾದವು. 1830ರ ಆರಂಭದಲ್ಲಿ ರಾಯಣ್ಣನ ದಂಡು ಬೀಡಿ, ನಂದಗಡ, ಸಂಪಗಾವಿ ಮೊದಲಾದ ಕಡೆಗಳಲ್ಲಿ ದಾಳಿ ಮಾಡಿ ಕಚೇರಿಯ ಕಾಗದಪತ್ರಗಳನ್ನು ಸುಟ್ಟಿತು. ಕೋಟೆಗಳಿಗಿಂತ ಮೊದಲು ಕಚೇರಿಗಳು ಗುರಿಯಾದುದು ಆಕಸ್ಮಿಕವಲ್ಲ. ತಮ್ಮನ್ನು ಹೊಲದಿಂದ ಬಿಡಿಸುವ ಶಕ್ತಿ ಕಾಗದದಲ್ಲಿದೆ ಎಂಬುದನ್ನು ಬಂಡಾಯಗಾರರು ಚೆನ್ನಾಗಿ ಅರಿತಿದ್ದರು. 1830ರ ಏಪ್ರಿಲದಲ್ಲಿ ರಾಯಣ್ಣ ಸೆರೆಸಿಕ್ಕನು. 1831ರ ಜನವರಿ 26ರಂದು ನಂದಗಡದಲ್ಲಿ ಅವನಿಗೆ ಗಲ್ಲಾಯಿತು.

ಕಾಗದದ ಭಯ ಮುಂದೆ ಇನ್ನೂ ವ್ಯಾಪಕವಾಯಿತು. 1843ರಿಂದ ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮುಗಳ ತಪಾಸಣೆ ಆರಂಭವಾಯಿತು. 1852ರಲ್ಲಿ ಅದಕ್ಕೆ ಕಾನೂನಿನ ಬಲ ದೊರೆಯಿತು. ನೂರಾರು ವರ್ಷ ಉಂಡುಕೊಂಡು ಬಂದ ಹೊಲಕ್ಕೆ ಸನದು ತೋರಿಸಬೇಕಾಯಿತು. ನರಗುಂದದ ಬಾಬಾಸಾಹೇಬ ಭಾವೆಗೆ ದತ್ತಕದ ಅನುಮತಿ ದೊರೆಯಲಿಲ್ಲ. 1858ರ ಮೇ 29ರ ರಾತ್ರಿ ರಾಮದುರ್ಗ ಸೀಮೆಯ ಸುರೇಬಾನದಲ್ಲಿ ಅವನ ಜನ ರಾಜಕೀಯ ಏಜೆಂಟ್ ಮ್ಯಾನ್ಸನ್ನನನ್ನು ಕೊಂದರು. ಮ್ಯಾನ್ಸನ್ ಹಿಂದೆ ಇನಾಮು ಆಯೋಗದಲ್ಲಿ ಕೆಲಸ ಮಾಡಿದವನಾಗಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಕಿತ್ತೂರಿಗೂ ನರಗುಂದಕ್ಕೂ ನಡುವೆ ಮೂವತ್ತನಾಲ್ಕು ವರ್ಷಗಳ ಅಂತರವಿದ್ದರೂ, ಎರಡು ಕಡೆಯೂ ಕಿಡಿ ಹತ್ತಿದುದು ದತ್ತಕದಿಂದ.

5

ಈ ಹಿನ್ನೆಲೆಯಲ್ಲಿ ಲಾವಣಿಗಳತ್ತ ತಿರುಗಬಹುದು. ಆಂಗ್ಲ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜಾನ್ ಫೇಯ್ತ್‌ಫುಲ್ ಫ್ಲೀಟ್ ಈ ಭಾಗದಲ್ಲಿ ಹಾಡುತ್ತಿದ್ದ ಐದು ಲಾವಣಿಗಳನ್ನು ಸಂಗ್ರಹಿಸಿ, 1885ರಿಂದ ಮುಂದೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅನುವಾದದೊಡನೆ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಆದಾಯ ತೆರಿಗೆ, ಸಂಗ್ಯಾ ಇವು ಅವುಗಳ ವಸ್ತುಗಳಲ್ಲಿ ಸೇರಿವೆ. ಮುಂದೆ ಬಿ. ಎಸ್. ಗದ್ದಗಿಮಠರಂಥವರು ಕನ್ನಡ ಜಾನಪದ ಗೀತೆಗಳ ಶಾಸ್ತ್ರೀಯ ಅಧ್ಯಯನಕ್ಕೆ ದಾರಿ ಮಾಡಿದರು. ಸ್ವಾತಂತ್ರ್ಯ ಹೋರಾಟದ ಕಾಲದಿಂದ ಇಂಥ ಲಾವಣಿಗಳನ್ನು ರಾಷ್ಟ್ರಪ್ರೇಮದ ಮೊದಲ ದನಿಗಳೆಂದು ಓದುವುದು ರೂಢಿಯಾಯಿತು. ಆ ಓದಿಗೆ ಆ ಕಾಲದಲ್ಲಿ ಅರ್ಥವಿತ್ತು. ಆದರೆ ಲಾವಣಿಗಳು ನಿಜವಾಗಿ ಏನನ್ನು ಕುರಿತು ಆತಂಕಪಡುತ್ತವೆ ಎಂಬ ಪ್ರಶ್ನೆಯನ್ನು ಅದು ಮುಚ್ಚಿಬಿಟ್ಟಿತು.

ಹಲಗಲಿಯ ಲಾವಣಿಯನ್ನೇ ನೋಡಬಹುದು. ಹಲಗಲಿ ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ ಊರು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ನವೆಂಬರದ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಆಯುಧ ಹೋದರೆ ಮಾನವೂ ಜೀವನವೂ ಹೋಗುತ್ತವೆ ಎಂಬುದು ಹಾಡಿನ ಮೊದಲ ಭಾಗದ ನಿಲುವು. ಆದರೆ ಹಾಡು ತನ್ನ ತುದಿಯನ್ನು ಮುಟ್ಟುವುದು ಲೂಟಿಯ ವರ್ಣನೆಯಲ್ಲಿ. ಅಲ್ಲಿ ಕವಿ ಕಳೆದುಹೋದ ರಾಜ್ಯವನ್ನು ಹೆಸರಿಸುವುದಿಲ್ಲ. ಬೇಸಾಯದ ಸಲಕರಣೆ, ಅಡುಗೆಮನೆಯ ದಿನಸಿ, ಹಾಲು ಮೊಸರು, ಪಾತ್ರೆ, ಬೀಸುವ ಕಲ್ಲು, ಹೆಣ್ಣಿನ ಕೊರಳ ತಾಳಿ ಇವನ್ನು ಒಂದೊಂದಾಗಿ ಎಣಿಸುತ್ತಾನೆ. ಇದು ವೀರಗೀತೆಯ ಪಟ್ಟಿಯಲ್ಲ. ಸುಟ್ಟ ಮನೆಯ ಮುಂದೆ ನಿಂತ ಒಡತಿಯ ಪಟ್ಟಿ. ಭಯದ ನಿಜವಾದ ಅಳತೆಗೋಲು ಇಲ್ಲಿ ಮನೆ.

ರಾಯಣ್ಣನ ಕಥೆಯಲ್ಲಿ ಜನರ ನೆನಪು ಹೆಚ್ಚು ಹೊತ್ತು ನಿಲ್ಲುವುದು ಅವನ ಕಾಳಗಗಳಲ್ಲಿ ಅಲ್ಲ, ಅವನು ಸೆರೆಸಿಕ್ಕ ಬಗೆಯಲ್ಲಿ. ಹಳ್ಳದಲ್ಲಿ ಸ್ನಾನಕ್ಕೆ ಇಳಿದವನ ಕತ್ತಿಯನ್ನು ನಂಬಿದವನೇ ದೂರ ಮಾಡಿದ ಎಂಬ ಪ್ರಸಂಗ ಈ ಸೀಮೆಯ ಎಲ್ಲ ಕಥನಗಳಲ್ಲಿಯೂ ಕೇಳಬರುತ್ತದೆ. ಕಿತ್ತೂರಿನ ನಾಟಕಗಳಲ್ಲಿಯೂ ಕೋಟೆ ಬೀಳುವುದು ಒಳಗಿನವರ ದ್ರೋಹದಿಂದ. ಕಂಪನಿಯ ತೋಪು ಅಲ್ಲಿ ನೆಪ ಮಾತ್ರ.

ಏಕೆ ಹೀಗೆ? ದ್ರೋಹಗಳು ನಡೆದಿರಬಹುದು. ಆದರೆ ಒಂದು ಸಮಾಜ ತನ್ನ ಎಲ್ಲ ಸೋಲುಗಳಿಗೂ ದ್ರೋಹವನ್ನೇ ಕಾರಣವಾಗಿ ಹಾಡಿಕೊಂಡರೆ, ಅದರ ಹಿಂದೆ ಆ ಸಮಾಜದ ರಚನೆಯೇ ಇರುತ್ತದೆ. ಅರವತ್ತು ವರ್ಷ ಮೂರು ಶಕ್ತಿಗಳ ನಡುವೆ ಬದುಕಿದ ಸೀಮೆಯಲ್ಲಿ ಇಂದಿನ ಒಡೆಯ ನಾಳಿನ ವೈರಿ. ಕಾಲಕ್ಕೆ ತಕ್ಕಂತೆ ಪಕ್ಷ ಬದಲಿಸುವುದು ದೇಸಾಯಿಗೂ ಗೌಡನಿಗೂ ಉಳಿವಿನ ದಾರಿಯಾಗಿತ್ತು. 1818ರಲ್ಲಿ ಕಿತ್ತೂರು ಮಾಡಿದುದೂ ಅದೇ. 1824ರ ನಂತರ ಅದೇ ನಡವಳಿಕೆ ದ್ರೋಹವೆನಿಸಿಕೊಂಡಿತು. ರಾಜನೀತಿಯೆಂದು ನಡೆದು ಬಂದುದು ಪಾಪವೆಂದು ಬದಲಾದ ಈ ಹೊರಳು ಲಾವಣಿಗಳ ಒಡಲಿನಲ್ಲಿದೆ. ಪ್ರಶ್ಯದಲ್ಲಿ ಸೋಲು ರಾಜ್ಯದ ಲೋಪವೆಂದು ಎಣಿಕೆಯಾಯಿತು. ಆದ್ದರಿಂದ ಅಲ್ಲಿ ಸುಧಾರಣೆ ನಡೆಯಿತು. ಇಲ್ಲಿ ಸುಧಾರಿಸಲು ರಾಜ್ಯವೇ ಉಳಿಯಲಿಲ್ಲ. ಸೋಲಿನ ಹೊಣೆ ವ್ಯಕ್ತಿಗಳ ಮೇಲೆ, ಅವರ ಊರು ಮನೆತನಗಳ ಮೇಲೆ ಬಿದ್ದಿತು.

6

ಲಾವಣಿಗಳನ್ನು ಸಾಕ್ಷ್ಯವಾಗಿ ಬಳಸುವಾಗ ಇನ್ನೊಂದು ಎಚ್ಚರಿಕೆ ಅವಶ್ಯಕ. ರಾಯಣ್ಣನಿಗೆ ಗಲ್ಲಾದುದಕ್ಕೂ ಫ್ಲೀಟನ ಪ್ರಕಟಣೆಯ ಆರಂಭಕ್ಕೂ ಐವತ್ತನಾಲ್ಕು ವರ್ಷಗಳ ಅಂತರವಿದೆ. ಈ ನಡುವೆ ಆಯುಧಗಳು ಹೋದವು, ಇನಾಮುಗಳ ತಪಾಸಣೆ ನಡೆಯಿತು, 1857ರ ದಂಗೆಯ ವೆಚ್ಚವನ್ನು ತುಂಬಿಕೊಳ್ಳಲು 1860ರಲ್ಲಿ ಆದಾಯ ತೆರಿಗೆ ಬಂದಿತು, 1876ರಿಂದ 1878ರವರೆಗೆ ಭೀಕರ ಬರ ಬಿದ್ದಿತು. ಫ್ಲೀಟನ ಕಿವಿಗೆ ಬಿದ್ದ ಹಾಡು 1830ರ ದನಿಯಷ್ಟೇ ಅಲ್ಲ. ಬರಗಾಲದಿಂದ ಎದ್ದು ಕುಳಿತ ಸಮಾಜದ ದನಿಯೂ ಹೌದು. ತೆರಿಗೆಯನ್ನು ಕುರಿತ ಲಾವಣಿ ಬಂಡಾಯದ ಲಾವಣಿಯ ಪಕ್ಕದಲ್ಲಿಯೇ ಇರುವುದು ಇದಕ್ಕೆ ಸಾಕ್ಷಿ. ಸಾಮ್ರಾಜ್ಯದ ಭದ್ರತೆಗೆ ತಗುಲಿದ ವೆಚ್ಚವನ್ನು ಕೊನೆಗೆ ತೆತ್ತವರು ಯಾರು ಎಂಬುದನ್ನು ಆ ಹಾಡು ನೇರವಾಗಿ ಹೇಳುತ್ತದೆ.

ಸಂಗ್ರಹದ ಸನ್ನಿವೇಶವನ್ನೂ ಗಮನಿಸಬೇಕು. ಜರ್ಮನಿಯಲ್ಲಿ ಗ್ರಿಮ್ ಸೋದರರ ಜನಪದ ಕಥೆಗಳ ಮೊದಲ ಸಂಪುಟ 1812ರಲ್ಲಿ ಹೊರಬಂದಾಗ, ಅವರಿದ್ದ ಕಾಸೆಲ್ ನಗರ ನೆಪೋಲಿಯನ್ನನ ತಮ್ಮನ ರಾಜಧಾನಿಯಾಗಿತ್ತು. ಯಾಕೋಬ್ ಗ್ರಿಮ್ ಆ ದೊರೆಯ ಗ್ರಂಥಪಾಲಕನಾಗಿದ್ದನು. ಪರಕೀಯರ ಆಳ್ವಿಕೆಯ ಕೆಳಗೆ, ಸೋತ ಜನರ ವಿದ್ವಾಂಸರೇ ತಮ್ಮ ಜನರ ಕಥೆಗಳನ್ನು ಕಾಪಿಟ್ಟುಕೊಂಡರು. ಇಲ್ಲಿ ಸೋತವರ ಹಾಡನ್ನು ಮೊದಲು ಅಚ್ಚಿಗೆ ಇಳಿಸಿದವನು ಗೆದ್ದವರ ಅಧಿಕಾರಿ. ಫ್ಲೀಟನ ವಿದ್ವತ್ತು ದೊಡ್ಡದು; ಅವನಿಲ್ಲದಿದ್ದರೆ ಈ ಪಾಠಗಳು ನಮಗೆ ಉಳಿಯುತ್ತಿದ್ದುವೋ ಇಲ್ಲವೋ. ಆದರೆ ಆಯ್ಕೆ ಅವನದು. ದಂಗೆ, ತೆರಿಗೆ, ಅಪರಾಧ ಇವು ಆಡಳಿತಗಾರನ ಕಣ್ಣಿಗೆ ಬೀಳುವ ವಸ್ತುಗಳು. ಅವನ ಆಯ್ಕೆಯನ್ನೇ ಇಡೀ ಪರಂಪರೆಯೆಂದು ತಿಳಿಯುವುದು ಸರಿಯಾಗದು.

ಆದರೂ ಆ ಆಯ್ಕೆಯೇ ನಮಗೆ ಒಂದು ಬೆಲೆಬಾಳುವ ಸುಳಿವನ್ನು ನೀಡುತ್ತದೆ. ಬೈಲಹೊಂಗಲದ ಸಂಗ್ಯಾನ ಕಥೆಯನ್ನು ಫ್ಲೀಟ್ ರಾಯಣ್ಣನ ಕಥೆಯ ಜೊತೆಗೆ ಇರಿಸಿದ್ದಾನೆ. ಮುಂದೆ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಾಗಿ ಈ ಕಥೆ ಉತ್ತರ ಕರ್ನಾಟಕದ ತುಂಬ ಹರಡಿತು. ಪರಸ್ತ್ರೀ ಮೋಹ, ಆಪ್ತ ಗೆಳೆಯನ ವಂಚನೆ, ಕೊಲೆ ಇದರ ವಸ್ತು. ಇದನ್ನು ರಾಯಣ್ಣನ ಕಥೆಯ ಪಕ್ಕದಲ್ಲಿರಿಸಿ ಓದಿದರೆ ಎರಡರ ಒಳರಚನೆ ಒಂದೇ ಎಂಬುದು ಕಾಣುತ್ತದೆ. ಬಲವಂತನಾದ ಯುವಕ, ನಂಬಿದ ಜೊತೆಗಾರ, ಜೊತೆಗಾರನ ಕೈಯಿಂದಲೇ ಸಾವಿನ ದಾರಿ. ಕಿತ್ತೂರಿನ ಕೋಟೆಯಲ್ಲಿ ನಡೆದ ನಂಬಿಕೆಯ ನಾಟಕ ಇಲ್ಲಿ ಬೈಲಹೊಂಗಲದ ಪೇಟೆಯ ಓಣಿಗೆ, ವ್ಯಾಪಾರಿಯ ಮನೆಯ ಹೊಸ್ತಿಲಿಗೆ ಇಳಿದಿದೆ. ಆಯುಧ ಕಳೆದುಕೊಂಡ ಸಮಾಜದಲ್ಲಿ ರಾಜ್ಯದ್ರೋಹಕ್ಕೆ ಎಡೆಯಿಲ್ಲ; ಮಿತ್ರದ್ರೋಹ ಮಾತ್ರ ಉಳಿಯುತ್ತದೆ. ಗಡಿಯ ಭಯ ಮನೆಯ ಭಯವಾಗಿ ಮಾರ್ಪಟ್ಟ ಪ್ರಕ್ರಿಯೆಗೆ ಇದಕ್ಕಿಂತ ಸ್ಪಷ್ಟವಾದ ಸಾಹಿತ್ಯಕ ನಿದರ್ಶನ ದೊರೆಯಲಾರದು. ಸಣ್ಣಾಟವನ್ನು ಕೇವಲ ಶೃಂಗಾರದ ಅಥವಾ ನೀತಿಯ ಆಟವೆಂದು ಓದುವವರು, ಬಂಡಾಯದ ಲಾವಣಿಯನ್ನು ಕೇವಲ ದೇಶಭಕ್ತಿಯೆಂದು ಓದುವವರು, ಇಬ್ಬರೂ ಈ ಸಂಬಂಧವನ್ನು ಕಾಣದೆ ಹೋಗುತ್ತಾರೆ.

7

ಹಾಗಾದರೆ ಈ ಸೀಮೆಯಲ್ಲಿ ಭಯದಿಂದ ಕಟ್ಟುವ ಕೆಲಸ ಯಾವುದೂ ನಡೆಯಲಿಲ್ಲವೆ? ಯರಗಟ್ಟಿಗೆ ಸಮೀಪದ ಶಿರಸಂಗಿ ಇದಕ್ಕೆ ಉತ್ತರ ಕೊಡುತ್ತದೆ. ಶಿರಸಂಗಿ ದೇಸಗತಿಯ ಲಿಂಗರಾಜ ದೇಸಾಯಿ (1861–1906) ಆ ಮನೆಗೆ ದತ್ತಕ ಬಂದವನು. ಕಿತ್ತೂರನ್ನೂ ನರಗುಂದವನ್ನೂ ಮುರಿದ ದತ್ತಕದ ಆತಂಕ ಅವನ ಕಾಲಕ್ಕೂ ಹಳೆಯದಾಗಿರಲಿಲ್ಲ. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವನು ಅಧ್ಯಕ್ಷನಾಗಿದ್ದನು. ತನ್ನ ಸಂಪತ್ತನ್ನು ಮರಣಶಾಸನದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದನು. ಮನೆತನದ ಉಳಿವನ್ನು ಒಬ್ಬ ವಾರಸುದಾರನ ಮೇಲೆ ನಿಲ್ಲಿಸುವ ಬದಲು ನೂರಾರು ವಿದ್ಯಾರ್ಥಿಗಳ ಮೇಲೆ ನಿಲ್ಲಿಸಿದ ನಿರ್ಧಾರವಿದು.

ಪ್ರಶ್ಯದಲ್ಲಿ ಯೇನಾದ ಸೋಲಿನಿಂದ ವಿಶ್ವವಿದ್ಯಾಲಯ ಹುಟ್ಟಿದುದನ್ನು ಇದರೊಡನೆ ಹೋಲಿಸಬಹುದು. ಎರಡೂ ಕಡೆ ಕತ್ತಿ ಸೋತಲ್ಲಿ ಪುಸ್ತಕ ಬಂದಿತು. ಆದರೆ ಅಲ್ಲಿ ಅದನ್ನು ಮಾಡಿದುದು ರಾಜ್ಯ, ಇಲ್ಲಿ ಒಬ್ಬ ದಾನಿಯ ಶಾಸನ. ಅಲ್ಲಿ ವಿದ್ಯೆ ರಾಜ್ಯದ ಬಲವನ್ನು ಬೆಳೆಸಿತು. ಇಲ್ಲಿ ಸಮುದಾಯದ ಆತ್ಮವಿಶ್ವಾಸವನ್ನು ಬೆಳೆಸಿತು. ಉತ್ತರ ಕರ್ನಾಟಕದಲ್ಲಿ ಶಿಕ್ಷಣ ಬಹುಮಟ್ಟಿಗೆ ಸಮುದಾಯಗಳ, ಮಠಗಳ, ದಾನಿಗಳ ಮೂಲಕ ಬೆಳೆದುದಕ್ಕೆ ಬೇರೆ ಕಾರಣಗಳೂ ಇವೆ. ರಾಜ್ಯವನ್ನು ಕಳೆದುಕೊಂಡ ಸೀಮೆಯ ಈ ಚರಿತ್ರೆ ಅವುಗಳಲ್ಲಿ ಒಂದು ಎಂದು ತಿಳಿಯಲು ಅವಕಾಶವಿದೆ.

8

ಒಟ್ಟಿನಲ್ಲಿ ನೋಡಿದರೆ, ಗಡಿಯ ಒತ್ತಡ ಸಮಾಜವನ್ನು ರೂಪಿಸುತ್ತದೆ ಎಂಬ ಸಿದ್ಧಾಂತ ಈ ಸೀಮೆಗೂ ಸಲ್ಲುತ್ತದೆ. ಆದರೆ ಅದರ ಫಲಿತ ಬೇರೆ. ಭಯವನ್ನು ತನ್ನ ರಾಜ್ಯದ ಮೂಲಕ ಎದುರಿಸಿದ ಸಮಾಜದಲ್ಲಿ ಅದು ಸೈನ್ಯ, ಶಾಲೆ, ಸುಂಕ, ವಿಧೇಯತೆಗಳಾಗಿ ಗಟ್ಟಿಯಾಯಿತು. ಭಯವನ್ನು ಪರರು ಬಂದು ನಿಲ್ಲಿಸಿದ ಸಮಾಜದಲ್ಲಿ ಅದು ಒಳಸರಿದು ವಾರಸಿಕೆಯ ಆತಂಕ, ಕಾಗದದ ಅಂಜಿಕೆ, ನೆರೆಯವನ ಮೇಲಿನ ಶಂಕೆಗಳಾಗಿ ಉಳಿಯಿತು. ಲಾವಣಿ ಮತ್ತು ಸಣ್ಣಾಟಗಳು ಈ ಒಳಸರಿತದ ದಾಖಲೆಗಳು.

ಇದು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಪ್ರತಿವರ್ಷ ಅಕ್ಟೋಬರದಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ. ರಾಯಣ್ಣನ ಪ್ರತಿಮೆಗಳು ಊರೂರಿನಲ್ಲಿ ಎದ್ದಿವೆ. ಇದು ಸಂತೋಷದ ಸಂಗತಿ. ಆದರೆ ವೀರರ ಹೆಸರಿನೊಡನೆ ದ್ರೋಹಿಗಳ ಹೆಸರೂ ವೇದಿಕೆಯಿಂದ ವೇದಿಕೆಗೆ ಸಾಗುತ್ತದೆ. ಇನ್ನೂರು ವರ್ಷಗಳ ಹಿಂದೆ ಯಾರೋ ಮಾಡಿದರೆಂದು ಹೇಳುವ ತಪ್ಪಿನ ಭಾರವನ್ನು ಇಂದಿಗೂ ಒಂದು ಊರು ಅಥವಾ ಒಂದು ಮನೆತನ ಹೊರಬೇಕಾಗುವುದು ನ್ಯಾಯವಲ್ಲ. ಮೂರು ಶಕ್ತಿಗಳ ನಡುವೆ ಸಿಕ್ಕ ಸಮಾಜದಲ್ಲಿ ಪಕ್ಷಾಂತರ ಹೇಗೆ ಹುಟ್ಟುತ್ತದೆ ಎಂಬುದನ್ನು ಅರಿತರೆ ವೀರರ ಹಿರಿಮೆ ಕುಂದುವುದಿಲ್ಲ. ಎಲ್ಲರೂ ಕಾಲಕ್ಕೆ ತಕ್ಕಂತೆ ಬಾಗುತ್ತಿದ್ದಾಗ ಬಾಗದೆ ನಿಂತುದರ ಬೆಲೆ ಆಗ ಇನ್ನಷ್ಟು ಸ್ಪಷ್ಟವಾಗುತ್ತದೆ.

ಆದ್ದರಿಂದ ಮುಂದಿನ ಸಂಶೋಧನೆ ವೀರರ ಚರಿತ್ರೆಯ ಜೊತೆಗೆ ಶೇತಸನದಿಯ ಹೊಲದ ಚರಿತ್ರೆಯನ್ನು, ಇನಾಮು ದಫ್ತರುಗಳನ್ನು, ಹಳ್ಳಿಯ ಹುಡೇವು ಹಗೇವುಗಳನ್ನು, ಸಣ್ಣಾಟದ ಪಾಠಭೇದಗಳನ್ನು ಒಟ್ಟಾಗಿ ಪರಿಶೀಲಿಸಬೇಕು. ಹುಡೇವುಗಳು ದಿನದಿನಕ್ಕೆ ಕುಸಿಯುತ್ತಿವೆ, ಹಗೇವುಗಳು ಮುಚ್ಚಿಹೋಗಿವೆ, ಲಾವಣಿಯ ಹಳೆಯ ಪಾಠ ಬಲ್ಲವರು ವಿರಳರಾಗುತ್ತಿದ್ದಾರೆ. ಇವುಗಳನ್ನು ದಾಖಲಿಸುವ ಕಾರ್ಯವನ್ನು ಮಲಪ್ರಭಾ ಸೀಮೆಯ ಕಾಲೇಜುಗಳೂ ವಿಶ್ವವಿದ್ಯಾಲಯವೂ ಬೇಗ ಕೈಗೆತ್ತಿಕೊಳ್ಳುವುದು ಅವಶ್ಯಕ.